ಶೇಕಡಾ ಇಪ್ಪತ್ತರ ತೋಳು

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಯೋಚಿಸಲು ನಾನು ಪಟ್ಟ ಶ್ರಮ ದೊಡ್ಡದು. ಘಟಪ್ರಭಾ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿ ನಮಗೆ ರೈಲು ತಪ್ಪಬಹುದಿತ್ತು. ರೈಲು ಸಿಕ್ಕರೂ ಫೈಲು ಇದ್ದ ಚೀಲ ಕಳುವಾಗಬಹುದಿತ್ತು. ಅದಕ್ಕೆಂದೇ ಝೆರಾಕ್ಸಿನ ಇನ್ನೊಂದು ಗಂಟನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟಿದ್ದೆ, ಆ ಸೂಟ್‌ಕೇಸೂ ಕಳುವಾಗಬಹುದಿತ್ತು. ಸೈನಿಕ ಆಸ್ಪತ್ರೆಯ ಮಂಡಳಿಯಲ್ಲಿ ಮೂವರು ಡಾಕ್ಟರರು ಕೂಡಬೇಕು. ಒಬ್ಬರು ರಜೆ ಹಾಕಿ, ಮುಂದಿನ ವರ್ಷ ಬನ್ನಿ ಎನ್ನಬಹುದಿತ್ತು. ಅಥವಾ ಮೂವರೂ ಬಂದು, ಅವರಲ್ಲೊಬ್ಬರು ಅಂದು ಬೆಳಿಗ್ಗೆ ಮನೆಯಲ್ಲಿ ಜಗಳಾಡಿ ಬಂದಿರಬಹುದಿತ್ತು. ನನ್ನ ಗಂಡ ಬೂಟು ಮಿಂಚಿಸಿ, ಎದೆ ಸೆಟೆಸಿ ಒಳಗೆ ಹೋಗಿ ‘ಎಲ್ಲಾ ಠೀಕ್ ಐತಿ ಸಾಬ್’ ಅಂದುಬಿಡಬಹುದಿತ್ತು. ಸೈನ್ಯದಲ್ಲಿ ಅಷ್ಟು ವರ್ಷ ಆ ಒಂದೇ ಮಾತು ಹೇಳಿ ಪಗಾರ ತೆಗೆದುಕೊಂಡವರು ಅವರು. ಅವರು ಕಾವಲು ನಿಲ್ಲುವ ಬ್ಯಾಂಕಿನ ಮ್ಯಾನೇಜರು ಅದೇ ಬೋಗಿಯಲ್ಲಿ ಕೂತು, ‘ಆರಾಮಿಲ್ಲ ಅಂತ ರಜೆ ತಗೊಂಡವರು ಎಲ್ಲಿಗೆ ಹೊರಟಿದ್ದೀರಿ’ ಎಂದು ಕೇಳಬಹುದಿತ್ತು. ಅತ್ತೆ ಅಂದೇ ಸಾಯಬಹುದಿತ್ತು. ಈ ಕೊನೆಯದನ್ನು ನಾನು ಚಿಂತೆಯ ಲೆಕ್ಕಕ್ಕೆ ಹಾಕಿದ್ದೆನೋ ಬೇರೆ ಲೆಕ್ಕಕ್ಕೋ, ಈಗ ಸರಿಯಾಗಿ ನೆನಪಿಲ್ಲ.

ಇವುಗಳಲ್ಲಿ ಒಂದೂ ಆಗಲಿಲ್ಲ.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಸಂಭವನೀಯತೆಯ ಪಾಠ ಬಂದಾಗ ಮಕ್ಕಳ ಮುಂದೆ ನಾಣ್ಯ ಚಿಮ್ಮಿಸಿ, ಒಂದೋ ಈ ಮುಖ ಇಲ್ಲಾ ಆ ಮುಖ ಎಂದು ಧೈರ್ಯವಾಗಿ ಹೇಳುತ್ತೇನೆ. ಮನೆಗೆ ಬಂದ ಮೇಲೆ ಅದು ಅಂಚಿನ ಮೇಲೆ ನಿಂತರೆ ಏನು ಗತಿ ಎಂದು ಹೊಟ್ಟೆ ಉರಿಸಿಕೊಳ್ಳುತ್ತೇನೆ. ಐವತ್ತು ಹತ್ತಿರವಾದ ಮೇಲೆ ಈ ಉರಿಗೆ ಡಾಕ್ಟರು ಅಸಿಡಿಟಿ ಎಂದು ಹೆಸರಿಟ್ಟಿದ್ದಾರೆ. ನನ್ನ ಗಂಡ ಹವಾಲ್ದಾರರಾಗಿ ಸೈನ್ಯದಿಂದ ನಿವೃತ್ತರಾದವರು. ಈಗ ಗೋಕಾಕದಲ್ಲೇ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾರೆ.

ಅವರ ಬಲಭುಜ ಕೆಟ್ಟದ್ದು ಗುಂಡಿನಿಂದಲ್ಲ. ಅದೇ ನಮ್ಮ ದೊಡ್ಡ ತೊಂದರೆ. ಮೇಲೆ ಹಿಮದಲ್ಲಿ, ಬಂಕರಿನಿಂದ ಅಡುಗೆ ಮನೆಗೆ ಇಳಿಯುವ ಮೆಟ್ಟಿಲ ಮೇಲೆ, ಸೀಮೆಎಣ್ಣೆಯ ಕ್ಯಾನು ಹೆಗಲ ಮೇಲಿಟ್ಟುಕೊಂಡು ಜಾರಿದರು. ಕ್ಯಾನು ಬಿಟ್ಟಿದ್ದರೆ ತೋಳು ಉಳಿಯುತ್ತಿತ್ತು. ಅಲ್ಲಿ ಸೀಮೆಎಣ್ಣೆ ತೋಳಿಗಿಂತ ತುಟ್ಟಿ, ಹಾಗಾಗಿ ಬಿಡಲಿಲ್ಲ. ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಅಂದಿನಿಂದ ಬಲಗೈ ಪಕ್ಕಕ್ಕೆ ಎತ್ತಿದರೆ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಅದರ ಮೇಲೆ ಹೋಗುತ್ತಿರಲಿಲ್ಲ. ಕೈ ಕೊರಳಿಗೆ ಕಟ್ಟಿಕೊಂಡು ಮೂಡಲಗಿಯ ಮನೆಗೆ ಬಂದಾಗ ಓಣಿಯ ಹಿರಿಯರೊಬ್ಬರು ವಿಚಾರಿಸಲು ಬಂದರು.

“ಗುಂಡು ಎಲ್ಲಿ ಬಿತ್ತೋ ತಮ್ಮಾ?”

“ಗುಂಡಲ್ರಿ ಕಾಕಾ. ಸೀಮಿ ಎಣ್ಣಿ ಕ್ಯಾನ್ ಹೊತ್ತಿದ್ದೆ, ಜಾರಿದೆ.”

ಕಾಕಾನ ಮುಖದಲ್ಲಿ ಮೋಸಹೋದವರ ಕಳೆ ಇತ್ತು. “ಹಂಗಾದ್ರ ನಮ್ಮ ರೇಶನ್ ಅಂಗಡ್ಯಾಂವನೂ ಮಾಜಿ ಸೈನಿಕನ ಬಿಡು,” ಎಂದು ಚಹಾ ಕುಡಿದು ಎದ್ದು ಹೋದರು.

ಸೈನ್ಯದವರೂ ಹೆಚ್ಚುಕಡಿಮೆ ಕಾಕಾನ ಹಾಗೆಯೇ ಯೋಚಿಸಿದರು. ನಿವೃತ್ತಿಯ ವೇಳೆಗೆ ವೈದ್ಯಕೀಯ ಮಂಡಳಿ ಮೂರು ಪ್ರಶ್ನೆ ಕೇಳಿಕೊಳ್ಳುತ್ತದೆ: ಏನು ಕೆಟ್ಟಿದೆ, ಸೇವೆಯಿಂದಲೇ ಕೆಟ್ಟಿತೇ, ಎಷ್ಟು ಕೆಟ್ಟಿದೆ. ಮೊದಲನೆಯದಕ್ಕೆ ಬಲಭುಜ ಎಂದು ಬರೆದರು. ಮೂರನೆಯದಕ್ಕೆ ಶೇಕಡಾ ಇಪ್ಪತ್ತು ಎಂದು ಬರೆದರು. ನಡುವಿನದಕ್ಕೆ, ಸೇವೆಗೆ ಸಂಬಂಧವಿಲ್ಲ ಎಂದು ಬರೆದರು. ಮನುಷ್ಯ ಎಲ್ಲಿ ಬೇಕಾದರೂ ಜಾರಬಹುದು ಎಂಬುದು ಅದರ ತಾತ್ಪರ್ಯ. ಖರೆ. ಆದರೆ ಮೂಡಲಗಿಯಲ್ಲಿ ಹಿಮ ಬೀಳುವುದಿಲ್ಲ. ಈ ಒಂದು ವಾಕ್ಯವನ್ನು ಬೇರೆ ಬೇರೆ ರೀತಿಯಲ್ಲಿ ಬರೆದು ಅಂಗವೈಕಲ್ಯದ ಪಿಂಚಣಿಗಾಗಿ ವರ್ಷಗಟ್ಟಲೆ ಅಪೀಲು ಮಾಡಿದೆವು. ಕೊನೆಗೂ ಒಂದು ದಿನ ಉತ್ತರ ಬಂತು. ಗಾಯ ಸೇವೆಯಿಂದಲೇ ಆದದ್ದೆಂದು ಒಪ್ಪಿದ್ದೇವೆ. ಆದರೆ ಈಗ ಎಷ್ಟಿದೆ ಎಂಬುದನ್ನು ಇನ್ನೊಮ್ಮೆ ಅಳೆಯಬೇಕು, ಹಾಜರಾಗಿ.

ನಾನು ಮೊದಲ ಸಾಲಿಗೆ ಸಂತೋಷಪಟ್ಟು ಎರಡನೇ ಸಾಲಿಗೆ ಅಸಿಡಿಟಿಯ ಗುಳಿಗೆ ತೆಗೆದುಕೊಂಡೆ.

ಹುಕ್ಕೇರಿ ನನ್ನ ತವರು. ನಮ್ಮ ಮನೆಯ ಬೆನ್ನಿಗೆ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಸುತ್ತಲಿನ ಮಾಜಿ ಸೈನಿಕರೆಲ್ಲ ಕಾಗದ ಹಿಡಿದುಕೊಂಡು ಹೋಗುವುದು ಅವರ ಕಟ್ಟೆಗೇ. ಅವರು ಯಾರಿಗೂ ಇಲ್ಲ ಅನ್ನುವುದಿಲ್ಲ, ಯಾರನ್ನೂ ನೋಯಿಸದೆ ಕಳಿಸುವುದೂ ಇಲ್ಲ. ನಾವಿಬ್ಬರೂ ಹೋದೆವು. ಪತ್ರ ಓದಿ, ಕನ್ನಡಕ ತೆಗೆದು, ನನ್ನ ಕಡೆ ನೋಡಿದರು.

“ಬಾಯಾರ, ನೀವು ಗಣಿತದಾವ್ರು. ಹೇಳ್ರಿ ನೋಡೂನು, ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಎಷ್ಟ ಫರಕ?”

“ಒಂದ್ರಿ.”

“ತಪ್ಪು. ಹತ್ತೊಂಬತ್ತಂದ್ರ ಸೊನ್ನಿ. ಇಪ್ಪತ್ತಂದ್ರ ಐವತ್ತು.”

ನಾನು ಪೆನ್ನು ತೆಗೆದೆ. ಅವರಿಗೆ ಅದು ಬಹಳ ಖುಷಿಯಾಯಿತು. ತನ್ನ ಅವಧಿ ಮುಗಿಸಿ ಮನೆಗೆ ಬಂದ ಸಿಪಾಯಿಗೆ ಇಪ್ಪತ್ತರ ಕೆಳಗೆ ಎಷ್ಟೇ ಕೆಟ್ಟರೂ ಕೆಟ್ಟಂತೆ ಅಲ್ಲ. ಇಪ್ಪತ್ತು ಮುಟ್ಟಿತೋ, ಅದನ್ನು ಎತ್ತಿ ಪಿಂಚಣಿಯ ಲೆಕ್ಕಕ್ಕೆ ಐವತ್ತೆಂದು ಹಿಡಿಯುತ್ತಾರೆ. ಐವತ್ತರಿಂದ ಮುಂದೆ ಎಪ್ಪತ್ತೈದು, ಅದರ ಮುಂದೆ ನೂರು. ಮಧ್ಯದ ಸಂಖ್ಯೆಗಳೆಲ್ಲ ಡಾಕ್ಟರರ ಸಮಾಧಾನಕ್ಕೆ.

“ಅಂದ್ರ ಇಪ್ಪತ್ತ ಇದ್ದಾಂವಗೂ ನಲವತ್ತೊಂಬತ್ತ ಇದ್ದಾಂವಗೂ ಒಂದ ಲೆಕ್ಕೇನ್ರಿ?” ಎಂದು ಕೇಳಿದೆ.

“ಒಂದ. ಇಪ್ಪತ್ತರ ಮ್ಯಾಲಿಂದೆಲ್ಲಾ ಪುಕ್ಕಟ ನೋವು.”

“ಇವ್ರಿಗೆ ಎಡಗಿವಿನೂ ಸರಿ ಕೇಳಂಗಿಲ್ರಿ. ಅದನ್ನೂ ಕೂಡಿಸಿದ್ರ?”

“ಕೂಡಸಂಗಿಲ್ಲ. ಮೊದಲನೇದನ್ನ ಇಡೀ ಮನಷ್ಯಾನಾಗ ಕಳೀತಾರ, ಎರಡನೇದನ್ನ ಉಳಿದ ಮನಷ್ಯಾನಾಗ ಕಳೀತಾರ. ಅದೂ ಇರ್ಲಿ, ಕಿವಿ ಕಾಗದದಾಗ ಇಲ್ಲ. ಕಾಗದದಾಗ ಇಲ್ಲದ ಕಿವಿ ಚಲೋ ಕೇಳತೈತಿ ಅಂತ ತಿಳೀರಿ.”

“ಹೆಣ್ತಿ ಮಾತ ಅಷ್ಟ ಕೇಳಂಗಿಲ್ರಿ ಸಾಬ್, ಉಳಿದದ್ದು ಬರೋಬ್ಬರ ಕೇಳತೈತಿ,” ಎಂದರು ನನ್ನ ಗಂಡ. ಇಬ್ಬರೂ ನಕ್ಕರು.

ಸುಬೇದಾರರಿಗೂ ಈ ಪಿಂಚಣಿ ಇದೆ. ಅವರದು ರಕ್ತದೊತ್ತಡ. ಕೈಕಾಲು ಎಲ್ಲ ಗಟ್ಟಿ, ಬೆಳಿಗ್ಗೆ ಎದ್ದು ಮಲ್ಲಕಂಬ ಹತ್ತಿದರೂ ಹತ್ತಿಯಾರು. “ನಂದು ಬಿಪಿ ಬಾಯಾರ. ಕಣ್ಣಿಗೆ ಕಾಣಂಗಿಲ್ಲ, ಅದಕ್ಕ ಸುಧಾರಿಸಿದ್ದೂ ಕಾಣಂಗಿಲ್ಲ. ನಿಮ್ಮವರದು ಕೈ. ಕೈ ಅಂದ್ರ ಎಲ್ಲಾರ ಕಣ್ಣಿಗೂ ಬೀಳತೈತಿ, ಅದ ಅದರ ಖೋಡಿ.” ನಂತರ ದನಿ ಇಳಿಸಿ ಗಂಡನಿಗೆ ಹೇಳಿದರು: “ನಾಟಕ ಮಾಡಬ್ಯಾಡ, ಅವ್ರಿಗೆ ತಿಳೀತೈತಿ. ಕೈ ಹೆಂಗೈತಿ ಹಂಗ ತೋರಸು. ಆವಾಗ ಇಪ್ಪತ್ತ ಇದ್ದದ್ದು ಈಗೂ ಇಪ್ಪತ್ತ ಇರ್ಬೇಕು, ಅಷ್ಟ. ತಾರೀಖ ಬರೂತನ ಇದ್ದಂಗ ಇಡು.”

ಇದ್ದ ಹಾಗೆ ಇಡುವುದು. ಬಸ್ಸಿನಲ್ಲಿ ಬರುವಾಗ ಅದನ್ನೇ ಜಪಿಸಿದೆ. ಕಬ್ಬಿಣವನ್ನು ಇದ್ದ ಹಾಗೆ ಇಡಬಹುದು. ತುಕ್ಕು ಹಿಡಿಯುತ್ತದೆ ಅಷ್ಟೆ. ಮನುಷ್ಯನ ತೋಳನ್ನು ಇದ್ದ ಹಾಗೆ ಇಡುವುದು ಹೇಗೆ?

ಅದು ಇಪ್ಪತ್ತೇ ಇರಬೇಕು ಅನ್ನುವುದಕ್ಕೆ ನಮಗಿದ್ದ ಕಾರಣ ಬಂದೂಕು. ಬ್ಯಾಂಕಿನ ಕೆಲಸ ಒಂದು ಏಜೆನ್ಸಿಯ ಕರಾರು. ವರ್ಷ ವರ್ಷ ಯಾರಾದರೂ ಡಾಕ್ಟರರಿಂದ ಈ ಮನುಷ್ಯ ಗಟ್ಟಿಯಾಗಿದ್ದಾನೆ ಎಂದು ಬರೆಸಿ ಕೊಡಬೇಕು. ಅಂದರೆ ಒಂದೇ ಭುಜವನ್ನು ನಾವು ಗೋಕಾಕದಲ್ಲಿ ಗಟ್ಟಿ ಎಂದೂ ಆಸ್ಪತ್ರೆಯಲ್ಲಿ ಕೆಟ್ಟಿದೆ ಎಂದೂ ಸಾಬೀತು ಮಾಡಬೇಕಿತ್ತು. ಬಂದೂಕನ್ನು ಎಡ ಹೆಗಲಿಗೆ ನೇತುಹಾಕಿದರೂ ಇಡೀ ದಿನ ನಿಂತು ಸಂಜೆಗೆ ಬಲಗಡೆಯೇ ಉರಿಯುತ್ತಿತ್ತು. ಒಮ್ಮೆ ನಾನು ಬ್ಯಾಂಕಿಗೆ ಹೋದಾಗ ಕೊಣ್ಣೂರ ಕಡೆಯ ಗಿರಾಕಿಯೊಬ್ಬ ಅವರನ್ನು ಕೆಣಕುತ್ತಿದ್ದ. “ಏ ಮಿಲ್ಟ್ರಿ, ಕಳ್ಳ ಬಂದ್ರ ಯಾವ ಕೈಲೆ ಹೊಡೀತಿ?” ಅವರು ಉತ್ತರ ಕೊಡುವ ಮೊದಲೇ ಕ್ಯಾಶಿಯರ್ ಒಳಗಿನಿಂದ ಹೇಳಿದ: “ಹೊಡಿಯಂಗಿಲ್ಲ. ಚಲಾನ್ ತುಂಬಿಸಿಕೊಂಡು ಸಾಲಿನ್ಯಾಗ ನಿಂದರಸ್ತಾನ.” ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ನಾನೂ ಸ್ವಲ್ಪ ನಕ್ಕೆ, ಯಾಕೆಂದರೆ ಮಾತು ಚೆನ್ನಾಗಿತ್ತು. ಮನೆಗೆ ಬಂದು ಅವರು ಅಂಗಿ ಬಿಚ್ಚುತ್ತ, “ಇಪ್ಪತ್ತ ಅಂತ ಬರದ್ರಂದ್ರ ಮರುದಿನಾನ ಬಂದೂಕ ತಿರುಗಿ ಕೊಡತೀನಿ,” ಎಂದರು. ಅವರು ನನ್ನ ಹತ್ತಿರ ಬಾಯಿಬಿಟ್ಟು ಬಯಸಿದ್ದು ಅದೊಂದನ್ನೇ. ಇಪ್ಪತ್ತು ಬಂದರೆ ಬಂದೂಕು ಇಡುತ್ತಾರೆ, ಬರದಿದ್ದರೆ ಹೊರುತ್ತಾರೆ. ಇದಕ್ಕಿಂತ ಸರಳ ಸಮೀಕರಣವನ್ನು ನಾನು ಎಂಟನೇ ಇಯತ್ತೆಗೂ ಕಲಿಸಿಲ್ಲ.

ಹಾಗಾಗಿ ತೋಳನ್ನು ಇದ್ದ ಹಾಗೆ ಇಡಲು ನಿಂತೆ. ಕೊಡ ಎತ್ತಬೇಡಿ, ಅರಿವೆ ಒಣಹಾಕಬೇಡಿ, ಟಿವಿಯವರು ಹೇಳುವ ಕೈಕಾಲಿನ ಕಸರತ್ತು ಬೇಡ. ಬೇನೆ ಹೆಚ್ಚಿಸುವುದೂ ಬೇಡ, ಇಳಿಸುವುದೂ ಬೇಡ. ಊಟ ಬಡಿಸುವಾಗ ಮೊದಲು ತೋಳು ನೋಡಿ ಆಮೇಲೆ ಮುಖ ನೋಡುತ್ತಿದ್ದೆ.

ಅತ್ತೆ ಇದನ್ನೆಲ್ಲ ಹೊರಸಿನ ಮೇಲೆ ಕೂತು ನೋಡುತ್ತಿದ್ದಳು. ಅವಳು ಕೆಲವು ತಿಂಗಳು ನಮ್ಮಲ್ಲಿ, ಕೆಲವು ತಿಂಗಳು ಮೂಡಲಗಿಯಲ್ಲಿ ಸಣ್ಣ ಮಗನ ಹತ್ತಿರ. ಯಾವ ಸೊಸೆಯ ಮೇಲೆ ಸಿಟ್ಟು ಕಡಿಮೆ ಇದೆಯೋ ಆ ಮನೆ. ಅವರದು ಕುರಿಗಾರರ ಮನೆತನ. ಹಿಂಡು ಮಾರಿ ಹೊಲ ಹಿಡಿದು ಎರಡು ತಲೆಮಾರಾದರೂ ಅತ್ತೆ ಇಂದಿಗೂ ಹೊಸ ಮನುಷ್ಯರನ್ನು ಮೊದಲು ಕಾಲಿನಿಂದ ನೋಡುತ್ತಾಳೆ. ಮಗನ ತೋಳು ನಿಜವಾಗಿ ಎಷ್ಟು ಕೆಟ್ಟಿದೆ ಎಂಬುದು ಅವಳಿಗೆ ಗೊತ್ತಾದದ್ದೇ ಆ ವರ್ಷ. ಬಚ್ಚಲಿನಲ್ಲಿ ಅವರು ಎಡಗೈಯಿಂದ ನೀರು ಸುರಿದುಕೊಳ್ಳುವುದನ್ನು ಕಂಡು ಬಾಗಿಲಲ್ಲೇ ಕೂತುಬಿಟ್ಟಳು.

“ಗಂಡನ ಕೈ ಸುಧಾರಸ್ಲಿ ಅಂತ ಹರಕಿ ಹೊರೂ ಹೆಣ್ತ್ಯಾರನ್ನ ನೋಡೀನಿ,” ಎಂದಳು ಒಂದು ದಿನ, ನನಗಲ್ಲ, ಅಂಗಳದಲ್ಲಿದ್ದ ಬೆಕ್ಕಿಗೆ. “ಸುಧಾರಸಬ್ಯಾಡ ಅಂತ ಹೊತ್ತಾಕಿನ್ನ ಇದ ಮೊದಲ ನೋಡೂದು.”

“ಸುಧಾರಸಬ್ಯಾಡ ಅನ್ಲಿಲ್ರಿ ಅತ್ತಿ. ತಾರೀಖ ಮುಗೀಲಿ ಅಂದೆ.”

“ಸುಗ್ಗಿ ಮುಗೀಲಿ, ಆಮ್ಯಾಲ ಸಾಯಿ ಅಂದಂಗಾತು.”

“ಬಂದೂಕ ಇಳಿಸೂದು ನಿಮಗೂ ಬೇಕೋ ಬ್ಯಾಡೋ?”

“ನನಗ ನನ್ನ ಮಗ ಎರಡೂ ಕೈಲೆ ತಲಿ ಒರಸ್ಕೊಳ್ಳೂದು ಬೇಕು. ಅವನ ಕೈ ಸತ್ತ ಮ್ಯಾಲ ಬಂದ ರೊಕ್ಕ ನೀ ಉಣ್ಣು. ಶಾಣ್ಯಾಕಿ.”

ನಾನೂ ಸುಮ್ಮನಿರಲಿಲ್ಲ. ಮಗ ಸೈನ್ಯದಲ್ಲಿದ್ದಷ್ಟು ವರ್ಷ ಅವನ ಪಗಾರದಲ್ಲಿ ಸಣ್ಣ ಮಗನ ಹೊಲಕ್ಕೆ ಬಾವಿ ತೋಡಿಸಿದಾಗ ಆ ಕೈ ನೆನಪಾಗಲಿಲ್ಲವೇ ಎಂದೆ. ಅವಳು ಅಂದು ಊಟ ಮಾಡಲಿಲ್ಲ. ನಾನು ಎರಡು ಸಲ ಕರೆದೆ; ಮೂರನೇ ಸಲ ಕರೆಯಬಾರದೆಂದು ಕೂತೆ, ಕರೆಯಲಿಲ್ಲ. ನನ್ನ ಗಂಡ ಇಬ್ಬರ ನಡುವೆ ಕೂತು ಎಡಗೈಯಿಂದ ಟಿವಿಯ ದನಿ ಏರಿಸಿದರು.

ಮರು ರವಿವಾರ ಅತ್ತೆ ಮಗನನ್ನು ಕರೆದುಕೊಂಡು ನಾಗನೂರಿಗೆ ಹೊರಟಳು. ಅಲ್ಲಿ ಅವಳ ಅಣ್ಣನಿದ್ದಾನೆ. ಅವನ ಹಿಂಡು ಇನ್ನೂ ಇದೆ. ಕುರಿಯ ಕಾಲು ಮುರಿದರೆ ಬಿದಿರಿನ ಚಕ್ಕೆ ಕಟ್ಟಿ ಕೂಡಿಸುತ್ತಾನೆ, ಧೈರ್ಯವಿದ್ದ ಮನುಷ್ಯರದ್ದೂ ಕೂಡಿಸುತ್ತಾನೆ. ಅವನ ಹೆಸರು ಅಷ್ಟೇನೂ ಒಳ್ಳೆಯದಿರಲಿಲ್ಲ. ಕಲ್ಲೋಳಿಯ ಒಬ್ಬನ ಮಣಿಕಟ್ಟನ್ನು ಅವನು ಕೂಡಿಸಿದ ಮೇಲೆ ಆ ಮನುಷ್ಯನ ಅಂಗೈ ಹಿಂದೆ ತಿರುಗಿ, ಇವತ್ತಿಗೂ ಬಸ್ಸಿನ ಚಿಲ್ಲರೆಯನ್ನು ಬೆನ್ನ ಹಿಂದೆ ಇಸಿದುಕೊಳ್ಳುತ್ತಾನೆ ಎಂದು ಜನ ಆಡಿಕೊಳ್ಳುತ್ತಾರೆ.

ಹೋಗಬೇಡಿ ಎಂದು ಗಂಡನಿಗೆ ಹೇಳಿದೆ. ಅವರು ಸಿಟ್ಟಿನಿಂದ ನೋಡಲಿಲ್ಲ, ತನ್ನ ಕೈಲಾಗದು ಎನ್ನುವವರ ಹಾಗೆ ನೋಡಿದರು. ಆ ಮನೆತನದಲ್ಲಿ ಜಾವಳದ ಮೊದಲ ಕತ್ತರಿಯಿಂದ ಹಿಡಿದು ಮದುವೆಯ ಬಾಸಿಂಗದವರೆಗೆ ಸೋದರಮಾವನ ಕೈಯೇ ಮೊದಲು. ಸೋದರಮಾವ ಹಿಡಿದ ಕೈಯನ್ನು ಅಳಿಯ ಬಿಡಿಸಿಕೊಳ್ಳುವುದಿಲ್ಲ. ದೊಡ್ಡ ಕೆಲಸಕ್ಕೆ ಹೊರಡುವ ಮುನ್ನ, ಅದು ಕೋರ್ಟೇ ಇರಲಿ ಆಸ್ಪತ್ರೆಯೇ ಇರಲಿ, ಅವನ ಹತ್ತಿರ ಮೈ ಮುಟ್ಟಿಸಿಕೊಂಡು ಬರುವುದು ಅವರ ಪದ್ಧತಿ. ಸೈನ್ಯಕ್ಕೆ ಸೇರುವ ಮುನ್ನವೂ ಅವರು ಹಾಗೇ ಹೋಗಿ ಬಂದಿದ್ದರು. ಈಗ ಸೈನ್ಯದಿಂದ ಲೆಕ್ಕ ತೀರಿಸಿಕೊಳ್ಳಲು ಹೊರಟಾಗ ಹೋಗದಿರುವುದು ಹೇಗೆ?

ಮುರಿದುಗಿರಿದು ಬಿಟ್ಟಾನೆಂದು ನಾನೂ ಬೆನ್ನು ಹತ್ತಿದೆ. ಬಸ್ಸಿನಲ್ಲಿ ಕೂತು, ಮುರಿದರೆ ಶೇಕಡಾ ಎಷ್ಟಾಗಬಹುದು ಎಂದು ಯೋಚಿಸಿದೆ. ಮೂವತ್ತಾದರೂ ಕೈಗೆ ಬರುವುದು ಅಷ್ಟೇ, ನಲವತ್ತಾದರೂ ಅಷ್ಟೇ. ಸುಬೇದಾರರ ಮಾತಿನಲ್ಲಿ ಹೇಳುವುದಾದರೆ ಪುಕ್ಕಟೆ ನೋವು. ಅತ್ತೆ ಪಕ್ಕದಲ್ಲಿ ಕೂತು ಔಡಲ ಎಣ್ಣೆಯ ಬಾಟಲಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನ ಲೆಕ್ಕಾಚಾರ ಅವಳಿಗೆ ಕೇಳಿಸಿದಂತೆ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಿದ್ದಳು.

ಸೋದರಮಾವ ಕುರಿದಡ್ಡಿಯ ಬಾಜೂ ಬೇವಿನ ನೆರಳಿನಲ್ಲಿ ಕಂಬಳಿ ಹಾಸಿ ಅವರನ್ನು ಕೂರಿಸಿದ. ಎಣ್ಣೆ ಕಾಸಿದ. ಭುಜದ ಹಿಂದೆ ಹೆಬ್ಬೆರಳು ಇಟ್ಟು ಒತ್ತಿ, ತೋಳನ್ನು ಸ್ವಲ್ಪ ಸ್ವಲ್ಪವೇ ತಿರುವಿದ. ನನ್ನ ಗಂಡನ ಕಣ್ಣಿನಿಂದ ನೀರು ಸುರಿಯಿತು, ಬಾಯಿಂದ ಸದ್ದು ಬರಲಿಲ್ಲ.

“ಕುರಿಯಾದ್ರ ಒದರತೈತಿ,” ಎಂದ ಮಾವ. “ನೀ ಯಾಕ ಒದರವಲ್ಲಿ? ಒದರಿದ್ರ ನನಗ ಎಲ್ಲಿ ಐತಿ ಅಂತ ತಿಳೀತೈತಿ.”

“ರೂಢಿ ಇಲ್ಲ ಮಾವ.”

“ಡಾಕ್ಟರ್ ಏನಂತ ಬರದಾನ?”

“ನೂರಕ್ಕ ಇಪ್ಪತ್ತ ಕೆಟ್ಟೈತಿ ಅಂತ.”

ಮಾವ ತೋಳು ಹಿಡಿದುಕೊಂಡೇ ಯೋಚಿಸಿದ. “ನನ್ನ ಹಿಂಡಿನ್ಯಾಗ ಯಾವದರ ನೂರಕ್ಕ ಇಪ್ಪತ್ತ ಕೆಟ್ಟಿತಂದ್ರ ನಾ ಅದನ್ನ ಸಂತಿಗಿ ಹೊಡೀತೀನಿ.”

“ಮಿಲ್ಟ್ರ್ಯಾವ್ರೂ ಹೊಡದ್ರಲ್ಲ,” ಎಂದರು ನನ್ನ ಗಂಡ. ಮಾವ ನಕ್ಕು, ನಕ್ಕ ಹೊತ್ತಿನಲ್ಲೇ ತೋಳನ್ನು ಇನ್ನೊಂದಿಷ್ಟು ತಿರುವಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಮುಗಿದ ಮೇಲೆ ಅವರು ಕೈ ಎತ್ತಿ ನೋಡಿದರು. ಭುಜದ ಮಟ್ಟಕ್ಕೆ ಬಂದು ನಿಂತಿತು, ಎಂದಿನಂತೆ. ನನ್ನ ಹೊಟ್ಟೆ ತಣ್ಣಗಾಯಿತು. ಏನೂ ಮುರಿಯಲಿಲ್ಲ, ಏನೂ ಆಗಲೂ ಇಲ್ಲ. ಮುದುಕ ತಿಕ್ಕಿದರೆ ತಿಕ್ಕಲಿ, ಮುದುಕಿಗೆ ಸಮಾಧಾನವಾಗುವುದಾದರೆ ಆಗಲಿ ಎಂದು ಆ ಚಿಂತೆಯನ್ನು ಪಟ್ಟಿಯಿಂದ ತೆಗೆದುಹಾಕಿದೆ. ನಾನು ಚಿಂತೆಯನ್ನು ತೆಗೆದುಹಾಕುವುದು ಅಪರೂಪ.

ಅಲ್ಲಿಂದ ತಾರೀಖು ಬರುವವರೆಗೆ ತಾಯಿ ಮಗ ಪ್ರತಿ ರವಿವಾರ ನಾಗನೂರಿಗೆ ಹೋಗಿ ಬಂದರು. ಬರುವಾಗ ಮನೆಯೆಲ್ಲ ಎಣ್ಣೆಯ ವಾಸನೆ, ಕುರಿಯ ವಾಸನೆ. ನಾನು ರೈಲಿನ ಟಿಕೆಟ್ಟು, ಝೆರಾಕ್ಸು, ಆಸ್ಪತ್ರೆ ಇದ್ದ ಊರಿನ ಲಾಡ್ಜು, ಅಲ್ಲಿಯ ನೀರು ಇವುಗಳ ಹಿಂದೆ ಬಿದ್ದಿದ್ದೆ. ಹೊರಡುವ ಹಿಂದಿನ ದಿನ ಅವರು ಕನ್ನಡಿಯ ಮುಂದೆ ಬಲಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಬಾಚಣಿಕೆ ಕಿವಿಯ ಮೇಲಿತ್ತು. ನಾನು ಅವರ ಹಿಂದಿನ ಕಪಾಟಿನಲ್ಲಿ ಆಧಾರ್ ಕಾರ್ಡು ಹುಡುಕುತ್ತ, ಸ್ವಲ್ಪ ಸರೀರಿ ಎಂದೆ.

ಆಸ್ಪತ್ರೆಯಲ್ಲಿ ನಮ್ಮನ್ನು ಕೂರಿಸಿದ ಉದ್ದ ವರಾಂಡದಲ್ಲಿ ಬೇರೆ ಬೇರೆ ರಾಜ್ಯದವರು ಕೂತಿದ್ದರು. ಪರೀಕ್ಷೆಯ ಫಲಿತಾಂಶದ ದಿನ ನಮ್ಮ ಶಾಲೆಯ ಕಟ್ಟೆಯ ಮೇಲೆ ತಂದೆತಾಯಿಗಳು ಕೂರುವ ಹಾಗೆ. ನಿಮ್ಮದೆಷ್ಟು? ಮೂವತ್ತು. ಏನು? ಮೊಣಕಾಲು. ಹೋ, ಮೊಣಕಾಲಿಗೆ ನಮ್ಮವರಿಗೆ ನಲವತ್ತು ಕೊಟ್ಟಿದ್ದಾರೆ. ನಲವತ್ತರವನು ಊರುಗೋಲು ಸರಿಸಿ ಸ್ವಲ್ಪ ಹೆಮ್ಮೆಯಿಂದ ಕಾಲು ಚಾಚಿದ. ಮೂಲೆಯಲ್ಲಿ ಒಂದು ಕಾಲಿಲ್ಲದ ಹುಡುಗನೊಬ್ಬ ಕೂತಿದ್ದ. ಅವನನ್ನು ಯಾರೂ ಕೇಳಲಿಲ್ಲ; ತರಗತಿಯಲ್ಲಿ ಮೊದಲ ನಂಬರು ಬರುವವನನ್ನು ಯಾರೂ ಕೇಳುವುದಿಲ್ಲ.

ಅಂಗಿ ತೆಗೆಯಲು ಸಹಾಯ ಬೇಕೆಂದು ನನ್ನನ್ನೂ ಒಳಗೆ ಕರೆದರು. ಮೂವರೂ ಡಾಕ್ಟರರು ಬಂದಿದ್ದರು. ಯಾರೂ ಮನೆಯಲ್ಲಿ ಜಗಳಾಡಿ ಬಂದಿರಲಿಲ್ಲ. ನಡುವೆ ಕೂತಿದ್ದ ಹಿರಿಯರು ನನಗೆ ಕುರ್ಚಿ ಕೊಡಿಸಿದರು, ನೀರು ಕೊಡಿಸಿದರು. ಹಿಂದಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ನೆನಪಿಟ್ಟುಕೊಂಡಿದ್ದೇನೆ.

“ನೋವು ಇದೆಯೇ ಹವಾಲ್ದಾರ್ ಸಾಹೇಬರೇ?”

“ಇದೆ ಸರ್.”

ನಾನು ದೇವರಿಗೆ ಮನಸ್ಸಿನಲ್ಲೇ ಕಾಯಿ ಒಡೆದೆ. ಠೀಕ್ ಅನ್ನಲಿಲ್ಲ. ಭಾರ ಎತ್ತಿದರೆ ಏನಾಗುತ್ತದೆ, ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಚಳಿಯಲ್ಲಿ ಹೇಗೆ. ಎಲ್ಲಕ್ಕೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾನು ಕಲಿಸಿದ ಯಾವ ವಿದ್ಯಾರ್ಥಿಯೂ ಅಷ್ಟು ಚೆನ್ನಾಗಿ ಉತ್ತರಿಸಿಲ್ಲ. ಆಮೇಲೆ ಸಣ್ಣ ವಯಸ್ಸಿನ ಡಾಕ್ಟರಮ್ಮ ಎದ್ದು ಬಂದರು. ಅವರ ಕೈಯಲ್ಲಿ ಎರಡು ಪಟ್ಟಿಗಳಿದ್ದ ಕೋನಮಾಪಕ ಇತ್ತು. ಕಂಪಾಸ್ ಪೆಟ್ಟಿಗೆಯದಕ್ಕಿಂತ ದೊಡ್ಡದು, ಬಾಕಿ ಅದೇ.

“ಕೈ ಪಕ್ಕಕ್ಕೆ ಎತ್ತಿ. ಎಷ್ಟು ಆಗುತ್ತದೋ ಅಷ್ಟು.”

ತೋಳು ಎದ್ದಿತು. ಭುಜದ ಮಟ್ಟಕ್ಕೆ ಬಂತು. ಅಲ್ಲಿ ಅದು ಇಷ್ಟು ವರ್ಷ ನಿಲ್ಲುತ್ತಿದ್ದುದರಿಂದ ನಾನು ಉಸಿರು ಬಿಟ್ಟೆ. ಅದು ನಿಲ್ಲಲಿಲ್ಲ. ನಿಧಾನವಾಗಿ, ನಡುಗುತ್ತ, ಮೇಲೆ ಹೋಯಿತು. ನನ್ನ ಗಂಡನ ಮುಖದಲ್ಲಿ ನೋವಿತ್ತು, ನೋವಿಗಿಂತ ಹೆಚ್ಚಾಗಿ ಆಶ್ಚರ್ಯವಿತ್ತು. ಕೋನ ಓದುವುದು ನನ್ನ ಕಸುಬು. ಕೂತಲ್ಲಿಂದಲೇ ಲಂಬಕೋನ ದಾಟಿ ವಿಶಾಲಕೋನವಾದದ್ದು ಕಂಡಿತು.

“ವಾಹ್,” ಎಂದರು ಹಿರಿಯರು, ಹಳೆಯ ವರದಿಯನ್ನು ತಿರುವಿ ನೋಡಿ. “ಅಂದು ಇಷ್ಟು ಇರಲಿಲ್ಲ. ಯಾರ ಹತ್ತಿರ ಫಿಜಿಯೋಥೆರಪಿ ಮಾಡಿಸಿದಿರಿ?”

“ಸೋದರಮಾವ ತಿಕ್ಕುತ್ತಾರೆ ಸರ್. ಕುರಿ ಕಾಯುತ್ತಾರೆ.”

ಮೂವರೂ ನಕ್ಕರು. ಕೆಟ್ಟ ನಗುವಲ್ಲ, ಮನೆಯವರ ಹಾಗೆ ನಕ್ಕರು. “ಅವರನ್ನು ನಮ್ಮಲ್ಲಿಗೆ ಕಳಿಸಿ,” ಎಂದರು ಒಬ್ಬರು. “ಬಿಡಬೇಡಿ, ಮುಂದುವರಿಸಿ. ಬಹಳ ಒಳ್ಳೆಯ ಸುಧಾರಣೆ,” ಎಂದರು ಹಿರಿಯರು. ಅಧಿಕಾರಿಯ ಬಾಯಿಂದ ಶಭಾಸ್ ಬಂದ ಕೂಡಲೇ ನನ್ನ ಗಂಡನ ಬೆನ್ನು ತಾನಾಗಿ ನೆಟ್ಟಗಾಯಿತು. ಡಾಕ್ಟರಮ್ಮ ಸ್ನಾಯುಗಳನ್ನು ಒತ್ತಿ ನೋಡಿ, ಎರಡೂ ತೋಳುಗಳಿಗೆ ಟೇಪು ಸುತ್ತಿ, ಮೇಜಿನ ಕಡೆ ತಿರುಗಿ, ಬರೆದುಕೊಳ್ಳುವವನಿಗೆ ಹೇಳಿದರು: ಶೇಕಡಾ ಹದಿನೈದರಿಂದ ಹತ್ತೊಂಬತ್ತು.

ನಾನು ಬಾಯಿ ತೆರೆದೆ. ಏನು ಹೇಳಬಹುದಿತ್ತು? ನನ್ನ ಗಂಡ ನೀವು ಅಂದುಕೊಂಡಷ್ಟು ಆರಾಮಿಲ್ಲ ಎಂದೇ? ಸ್ವಲ್ಪ ಕಾದರೆ ಮತ್ತೆ ಕೆಡುತ್ತದೆ ಎಂದೇ? ಗಂಡನ ಕೈ ಮೇಲೆ ಹೋಯಿತೆಂದು ತಕರಾರು ಮಾಡುವ ಹೆಂಡತಿಗೆ ಆ ಕೋಣೆಯಲ್ಲಿ ಮಾತಿರಲಿಲ್ಲ. ಥ್ಯಾಂಕ್ಯೂ ಸರ್ ಎಂದೆ.

ವರಾಂಡಕ್ಕೆ ಬಂದು ಅಂಗಿ ಹಿಡಿದೆ. ಅವರೇ ಹಾಕಿಕೊಂಡರು. ಅಷ್ಟರಲ್ಲಿ ಅತ್ತೆಯ ಫೋನು ಬಂತು.

“ಎತ್ತಿದನೇನ?”

“ಎತ್ತಿದ್ರು ಅತ್ತಿ.”

“ಎಲ್ಲಿತನ?”

“ಕಿವಿಮಟ.”

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿತು. “ಈಗರ ನಂಬಿದಿಯಿಲ್ಲ ಶಾಣ್ಯಾಕಿ? ತಡಿ, ಅಣ್ಣಗ ಹೇಳತೀನಿ,” ಎಂದು ಫೋನು ಇಟ್ಟಳು. ಎಷ್ಟು ಬರೆದರು ಎಂದು ಕೇಳಲಿಲ್ಲ.

“ಹತ್ತೊಂಬತ್ತ ಅಂದ್ರಲ್ಲ,” ಎಂದರು ನನ್ನ ಗಂಡ.

“ಹೂಂ.”

“ಸೋಮವಾರ ಡ್ಯೂಟಿ ಐತಿ.”

“ಹೂಂ.”

ಬೆಂಚಿನ ಮೇಲಿದ್ದವರು ನಮ್ಮನ್ನೇ ನೋಡುತ್ತಿದ್ದರು. ಎಷ್ಟು ಬಂತೆಂದು ನಲವತ್ತರವನು ಕಣ್ಣಲ್ಲೇ ಕೇಳಿದ. ನನ್ನ ಗಂಡ ಗೋಡೆಯ ಹತ್ತಿರ ಹೋಗಿ ನಿಂತು, ಒಳಗೆ ಆದದ್ದು ನಿಜವೋ ಏನೋ ಎನ್ನುವಂತೆ, ಬಲಗೈಯನ್ನು ಪಕ್ಕಕ್ಕೆ ಇನ್ನೊಮ್ಮೆ ಎತ್ತಿದರು. ಭುಜದ ಮಟ್ಟ ದಾಟಿ, ಗೇಣಿನಷ್ಟು ಮೇಲೆ ಹೋಯಿತು. ಆ ದಿನ ಕೆಟ್ಟದ್ದು ಅಷ್ಟೇ.